ಮನೆ ಹನ್ನೊಂದರ ಕಾಲು ಗಂಟೆ

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೇಲೆ ಬಂದ ಮೊದಲ ಬೆಳಗು ಮುಗಿಯಲೇ ಇಲ್ಲ. ಎದ್ದೆ. ಹಾಸಿಗೆ ಮಡಚಿದೆ. ಹಾಲು ಕಾಯಿಸಿದೆ. ಅಂಗಳ ಗುಡಿಸಿದೆ. ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿದೆ. ಬೀದಿಯಲ್ಲಿ ಒಂದು ಚಿಲಕದ ಸದ್ದಿಲ್ಲ, ಒಂದು ಕೊಡದ ಸದ್ದಿಲ್ಲ. ಜಗಲಿಯ ಮೇಲೆ ಕೂತು ಕಾದೆ. ಯಾವುದಕ್ಕೆ ಕಾಯುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಹಿಂದಿನ ದಿನ ಹೊರಡುವಾಗ ತುಂಗತ್ತೆ ಹೇಳಿದ್ದಳು. "ನಿಮ್ಮನೇಲಿ ಬೆಳಗು ಭಾರಿ ಉದ್ದ ಕಣೇ. ಎರಡು ಸಲ ಕಾಫಿ ಕುಡಿದ್ರೂ ಗಂಟೆ ಹೊಡೆಯಲ್ಲ. ಅಷ್ಟೊತ್ತು ಏನ್ ಮಾಡ್ತಿದ್ರಿ ಇಬ್ರೂ?" ಪಕ್ಕದಲ್ಲಿದ್ದ ಅವಳ ಸೊಸೆ ಅವಳ ತೋಳು ಚಿವುಟಿದಳು. ತುಂಗತ್ತೆ ಪರ ಊರಿನವಳು. ಅವಳ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮ ಊರಿನಲ್ಲಿ ಬೆಳಗು ಮನೆಗೆ ತಂತಿಯಲ್ಲಿ ಬರುತ್ತದೆ. ಪ್ರತಿ ಮನೆಯ ಬಾಗಿಲ ಮೇಲೆ ಒಂದು ಬೂದು ಪೆಟ್ಟಿಗೆ. ಅದು ತೆರೆಯುವ ತನಕ ಆ ಮನೆಯಲ್ಲಿ ಯಾರೂ ಏಳಲಾರರು, ಕೂಗಿದರೂ, ನೀರು ಎರಚಿದರೂ. ತೆರೆದ ಮೇಲೆ ತೊಂಬತ್ತು ನಿಮಿಷ ಮನೆಯವರ ಹೊತ್ತು. ಏಳಕ್ಕೆ ಶಾಲೆಯ ಗಂಟೆ. ಗಂಟೆ ಕೇಳಿದ ಮೇಲೆ ಊರು ಬೀದಿಗೆ ಬರುತ್ತದೆ. ಮನೆಯೊಳಗೆ ಗಡಿಯಾರ ಇಡುವ ರೂಢಿ ಇಲ್ಲ. ಎಲ್ಲರಿಗೂ ಒಂದೇ ಅಳತೆ ಸಿಗುವಾಗ ಅಳೆದುಕೊಂಡು ಮಾಡುವುದೇನು? ಪೆಟ್ಟಿಗೆಗೆ ಪರದೆಯಿಲ್ಲ, ಗುಂಡಿಯಿಲ್ಲ. ಅದರೊಡನೆ ಮಾತಾಡಬೇಕಾದರೆ ಅದೇ ತಂತಿಯ ಇನ್ನೊಂದು ತುದಿಯಲ್ಲಿ ಕೂತಿರಬೇಕು. ಅಂಚೆ ಕಚೇರಿಯ ಪಕ್ಕದ ತಂತಿಮನೆಯಲ್ಲಿ ಹಾಗೆ ಕೂತಿದ್ದವನು ನನ್ನ ಗಂಡ ಚಿದಂಬರ. ಅವನಿಗೆ ಮೂವತ್ತನಾಲ್ಕು ವರ್ಷ.

ಅವನು ಸತ್ತದ್ದು ಇದೇ ಜಗಲಿಯ ಮೇಲೆ, ಬೆಳಗಿನಲ್ಲೇ. ಕಾಫಿ ಕುಡಿಯುತ್ತ ಏನೋ ಹೇಳುತ್ತಿದ್ದ. ನಿಲ್ಲಿಸಿದ. ಎದೆ ಹಿಡಿದುಕೊಂಡು ಒಂದು ಪಕ್ಕಕ್ಕೆ ವಾಲಿದ. ನಾನು ಬೀದಿಗೆ ಓಡಿದೆ. ಆಚೆ ಮನೆ ಬಾಗಿಲು ಬಡಿದೆ, ಅದರಾಚೆ ಮನೆಯದು ಬಡಿದೆ. ಮೂರನೆಯದು ಡಾಕ್ಟರ ಮನೆ. ಕಿಟಕಿಯಿಂದ ಅವರು ಕಾಣುತ್ತಿದ್ದರು. ಬಾಯಿ ತೆರೆದು ಮಲಗಿದ್ದರು. ಸರಳು ಹಿಡಿದು ಅಲ್ಲಾಡಿಸಿ ಕಿರುಚಿದೆ. ಕಿಟಕಿಯಲ್ಲಿದ್ದ ಹೂಕುಂಡ ತೆಗೆದು ಒಳಗೆ ಎಸೆದೆ. ಅದು ಅವರ ಮಂಚದ ಪಕ್ಕ ಒಡೆಯಿತು. ಅವರು ಮಗ್ಗುಲು ಬದಲಿಸಲಿಲ್ಲ. ಕೊನೆಗೆ ಎಲ್ಲ ಬಾಗಿಲೂ ಒಟ್ಟಿಗೆ ತೆರೆದುಕೊಂಡವು. ಅಷ್ಟು ಹೊತ್ತಿಗೆ ಮುಗಿದಿತ್ತು. "ಒಂದ್ ಹತ್ ನಿಮಿಷ ಮುಂಚೆ ಕರೆದಿದ್ರೆ" ಎಂದರು ಡಾಕ್ಟರು. ನಾನು ಅವರ ಮುಖವನ್ನೇ ನೋಡಿದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನಾವಿನ್ನೂ ಎದ್ದಿರಲಿಲ್ಲ ಕಣಮ್ಮ, ದೇವರಾಣೆ" ಎಂದರು. ಊರಿಗೆಲ್ಲ ಒಂದೇ ಹೊತ್ತಿಗೆ ಬೆಳಗು. ನಾನು ಎದ್ದಿದ್ದೆ, ಅವರು ಹೇಗೆ ಎದ್ದಿರಲಿಲ್ಲ? ಹದಿಮೂರು ದಿನ ಆ ಬೀದಿಯ ಒಬ್ಬರ ಮುಖವನ್ನೂ ನಾನು ನೋಡಲಿಲ್ಲ.

ನೆಂಟರು ಹೋದ ಮರುದಿನ, ಆ ಶುಕ್ರವಾರ, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಫಕೀರಪ್ಪ ಬಂದರು. ತಂತಿಮನೆಯ ಮೇಲ್ವಿಚಾರಕರು. ಮೆಟ್ಟಿಲ ಕೆಳಗೇ ನಿಂತು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು.

"ಇವತ್ತೂ ಕಾಲ್ಗಂಟೆ ಲೇಟಾಗಿ ಬಾರಿಸಿದ್ಲು ಮಹರಾಯ್ತಿ. ಒಳಗೆ ಕೂತು ಕೂತು ಸೊಂಟ ಹಿಡ್ಕಂತು" ಎಂದರು. ಆಮೇಲೆ ತಾವು ಯಾರ ಮನೆಗೆ ಬಂದಿದ್ದೇವೆ ಎಂಬುದು ನೆನಪಾಗಿ ದನಿ ತಗ್ಗಿಸಿದರು. "ಹೇಳೋಕೆ ಬಾಯಿ ಬರ್ತಿಲ್ಲ ತಾಯಿ. ಚಿದಂಬರ ಕೂರ್ತಿದ್ದ ಯಂತ್ರ ಹಂಗೇ ತೆರ್ಕೊಂಡೈತೆ. ಅವನು ಇನ್ನೂ ಒಳಗವ್ನೆ ಅಂತ ಅದು ತಿಳ್ಕೊಂಡೈತೆ. ಅವನನ್ನ ಹೊರಗೆ ತರದೆ ಬೇರೆಯವ್ರು ಒಳಕ್ಕೆ ಹೋಗಂಗಿಲ್ಲ. ನಾನು ಮುಟ್ಟಿದ್ರೆ ಊರಿಗೂರೇ ಮಲಗ್ಬಿಡ್ತದೆ. ನೀನು ಎಮ್ಮೆಸ್ಸಿ ಮಾಡಿದೋಳು."

"ನಾನು ಓದಿದ್ದು ಭೌತಶಾಸ್ತ್ರ."

"ಅದೇ, ಅದೇ. ಸೋಮವಾರ ಜಿಲ್ಲೆಯಿಂದ ಹೊಸ ಪೆಟ್ಟಿಗೆ ಬರ್ತವೆ. ಭಾನುವಾರ ಸಂಜೆ ಯಾವ ಮನೆ ನಿಮಿಷದ ಲೆಕ್ಕ ಹೆಂಗೈತೋ ಹಂಗೇ ಅದಕ್ಕೆ ಇಳಿಸ್ಕೊಂಡು ಅರಗು ಹಾಕಿಬಿಡ್ತಾರೆ. ಆಮೇಲೆ ಒಂದು ನಿಮಿಷನೂ ಆಚೀಚೆ ಮಾಡಂಗಿಲ್ಲ, ಯಾವ ಕಾಲಕ್ಕೂ. ಅದಕ್ಕೇ ಅವಸರ."

ತಂತಿಮನೆಗೆ ನಾನು ಮದುವೆಯಾದ ಈ ಮೂರು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಒಂದು ಕಿಟಕಿ, ಒಂದು ಮೇಜು, ಒಂದು ಸ್ಟೂಲು. ಗೋಡೆಗೆ ಅವನ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿತ್ತು. ಅವನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಮರೆಯಬಾರದು ಎಂದು ಎಲ್ಲವನ್ನೂ ಬರೆದಿಡುತ್ತಿದ್ದ. 'ಸಿ, ಇ, ಸಿ ಎಂದು ಒತ್ತಿದರೆ ತಂತಿಯ ಮೇಲಿರುವ ಪೆಟ್ಟಿಗೆಗಳೆಲ್ಲ ಹಾಜರಿ ಹೇಳುತ್ತವೆ. ಬೇಕಾದ ಮನೆಯ ಸಂಖ್ಯೆ ಒತ್ತಿದರೆ ಆ ಮನೆಯೊಳಗೆ ಇರುತ್ತೇನೆ. ಆಮೇಲೆ ಒತ್ತಿದ್ದೆಲ್ಲ ಅಲ್ಲಿಗೆ ಹೋಗುತ್ತದೆ, ಇಲ್ಲಿಗಲ್ಲ. ಹೊರಗೆ ಬರಲು ಕಂಟ್ರೋಲ್ ಮತ್ತು ಹಿಂದಕ್ಕೆ ವಾಲಿದ ಗೆರೆ. ಮೂರು ಬಾಣ ಕಾಣುತ್ತದೆ. ಆಗ ಕ್ಯೂ. ಕ್ಯೂ ಒತ್ತದಿದ್ದರೆ ಹೊರಗೆ ಬಂದ ಹಾಗಲ್ಲ. ಒಂದು ಪೆಟ್ಟಿಗೆ ದಿನಕ್ಕೆ ಒಂದೇ ಆಜ್ಞೆ ಒಪ್ಪುತ್ತದೆ. ಪಡೆಯುವುದಕ್ಕೆ ಮಿತಿಯಿಲ್ಲ.'

ಪರದೆ ಕಪ್ಪಗಿತ್ತು. ಮೂಲೆಯಲ್ಲಿ ಒಂದು ಬಿಳಿ ಚೌಕ ಮಿನುಗುತ್ತಿತ್ತು. ಇಪ್ಪತ್ತೇಳನೆಯ ಮನೆಯೊಳಗೆ ಅವನು ಹದಿನಾಲ್ಕು ದಿನದಿಂದ ಇದ್ದ. ಕಂಟ್ರೋಲ್ ಒತ್ತಿದೆ, ಗೆರೆ ಒತ್ತಿದೆ, ಕ್ಯೂ ಒತ್ತಿದೆ. ಹೊರಗೆ ಬಂದ.

"ಅಷ್ಟೇನಾ?" ಎಂದರು ಫಕೀರಪ್ಪ. "ಇಷ್ಟಕ್ಕೆ ನಾನು ಹದಿನಾಲ್ಕು ದಿನ ನಿದ್ದೆಗೆಟ್ನಲ್ಲ!" ಅವರು ಬೀಡಿಗೆಂದು ಆಚೆ ಹೋದರು.

ಆಗಲೇ ಎದ್ದು ಬರಬಹುದಿತ್ತು. ಅವನು ದಿನವೂ ಏನು ನೋಡುತ್ತಿದ್ದ ಎಂದು ನೋಡುವ ಆಸೆಯಾಯಿತು. ಸಿ, ಇ, ಸಿ ಒತ್ತಿದೆ. ನಲವತ್ತೆರಡು ಮನೆಗಳು ಒಂದರ ಕೆಳಗೊಂದು ಹಾಜರಿ ಹೇಳಿದವು. ನಾಲ್ಕನೆಯದು 'ಚಿದಂಬರ' ಎಂದಿತು. ಆ ಹೆಸರು ಹಾಜರಿ ಹೇಳಿದ್ದನ್ನು ನೋಡುತ್ತ ಸ್ವಲ್ಪ ಹೊತ್ತು ಕೂತೆ. ನಾಲ್ಕು ಎಂದು ಒತ್ತಿದೆ. ನಮ್ಮ ಮನೆ ಹೊರಗಿನಿಂದ ಮೂರು ಸಾಲು. 'ಬೆಳಗು: ೧೦೫ ನಿಮಿಷ. ಸ್ವಂತ: ೯೦. ಮನೆ ೧೧ರಿಂದ ಕೈಗಡ: ೧೫.'

ಓದಿದೆ. ಅರ್ಥವಾಗಲಿಲ್ಲ. ಹೊರಗೆ ಬಂದು ಹನ್ನೊಂದಕ್ಕೆ ಹೋದೆ. 'ಬೆಳಗು: ೭೫ ನಿಮಿಷ. ಮನೆ ೪ಕ್ಕೆ ಕೈಗಡ: ೧೫.' ಅದರ ಕೆಳಗೆ ಮೂರು ವರ್ಷದ ಹಿಂದಿನ ತಾರೀಕು. ಕಾರಣ ಎಂದಿದ್ದಲ್ಲಿ ಅವನು ಬರೆದಿದ್ದ. 'ಎರಡು ದಿನಕ್ಕೆ ಮಾತ್ರ.'

ಆ ತಾರೀಕು ಗೊತ್ತು. ಮದುವೆಯಾಗಿ ಐದನೆಯ ವಾರ. ಎದ್ದರೆ ಕೆಲಸ, ಕೆಲಸವಾದರೆ ಗಂಟೆ, ನಿನ್ನ ಜೊತೆ ಕೂತು ಎರಡು ಮಾತಾಡುವುದಕ್ಕೂ ಹೊತ್ತಿಲ್ಲ ಎಂದು ನಾನು ಅತ್ತಿದ್ದೆ. "ನೋಡೋಣ" ಎಂದಿದ್ದ. ಮರುದಿನದಿಂದ ಹೊತ್ತು ಸಾಲತೊಡಗಿತು. ಹೊಂದಿಕೊಂಡೆವು, ಅದಕ್ಕೇ ಸಾಲುತ್ತಿದೆ ಎಂದುಕೊಂಡೆ. ಜಗಲಿಯ ಮೇಲೆ ಕಾಫಿ ಹಿಡಿದು ಕೂರುತ್ತಿದ್ದೆವು. ಬೀದಿಯಲ್ಲಿ ಒಂದೂ ಸದ್ದಿರುತ್ತಿರಲಿಲ್ಲ. "ಊರಲ್ಲಿ ನಾವಿಬ್ಬರೇ ಇದ್ದಂತಿದೆ" ಎಂದು ನಾನು ಎಷ್ಟೋ ಸಲ ಹೇಳಿದ್ದೆ. ನಮ್ಮ ಪೆಟ್ಟಿಗೆ ಊರಿಗಿಂತ ಕಾಲು ಗಂಟೆ ಮೊದಲೇ ತೆರೆಯುತ್ತಿತ್ತು. ನಿಜವಾಗಿಯೂ ನಾವಿಬ್ಬರೇ ಇದ್ದೆವು.

ಆಗ ಹೂಕುಂಡ ನೆನಪಾಯಿತು. ಡಾಕ್ಟರು ಎದ್ದಿರಲಿಲ್ಲ. ಯಾರೂ ಎದ್ದಿರಲಿಲ್ಲ. ಅವನಿಗೆ ಎದೆ ನೋವು ಬಂದದ್ದು ಆ ಹದಿನೈದು ನಿಮಿಷದಲ್ಲಿ. ಮೇಜಿನ ಅಂಚು ಹಿಡಿದುಕೊಂಡೆ. ಅಳು ಬರಲಿಲ್ಲ.

"ಬುದ್ಧೀ..." ಎಂದು ಕಿಟಕಿಯಲ್ಲಿ ಒಂದು ಮುಖ ಬಂತು. "ಅಯ್ಯೋ, ನೀವಾ ಅಮ್ಮ?"

ಶಾಲೆಯ ಗಂಟೆ ಬಾರಿಸುವ ರುದ್ರಾಣಿ. ಹನ್ನೊಂದನೆಯ ಮನೆ ಅವಳದು. ರವಿಕೆಯ ಒಂದು ಗುಂಡಿ ತಪ್ಪಿತ್ತು. ಊರು ಅವಳನ್ನು ಲೇಟು ರುದ್ರಾಣಿ ಎನ್ನುತ್ತದೆ. ತಾಳಿ ಕಟ್ಟಿಸಿಕೊಳ್ಳಲು ಅವಳು ಬರುವಷ್ಟರಲ್ಲಿ ಓಲಗದವರು ಊಟ ಮುಗಿಸಿದ್ದರು ಎಂದು ತಮಾಷೆ ಮಾಡುತ್ತಾರೆ. ಆ ತಮಾಷೆಗೆ ನಾನೂ ನಕ್ಕಿದ್ದೇನೆ. ಚಿದಂಬರ ನಗದೆ ಎದ್ದುಹೋಗುತ್ತಿದ್ದ. ಎಷ್ಟು ಮೃದು ಮನಸ್ಸು ಎಂದುಕೊಂಡಿದ್ದೆ.

"ಮಣ್ಣಿಗೂ ಲೇಟಾಗೇ ಬಂದೆ ಅಮ್ಮ, ತಪ್ಪು ತಿಳ್ಕೋಬೇಡಿ. ನಾನು ಬರೋ ಹೊತ್ಗೆ ಎಲ್ಲಾ ವಾಪಸ್ ತಿರುಗಿದ್ರು. ಇವತ್ತು ಶುಕ್ರವಾರ ಅಲ್ವ, ಕಾಲು ತಾನೇ ಈ ಕಡೆ ಬಂತು. ಶುಕ್ರವಾರ ಶುಕ್ರವಾರ ಬರೆಸ್ತಿದ್ದೆ. ನಮ್ಮನೆ ಬೆಳಗು ಗಿಡ್ಡ ಅಂತ."

"ಗಿಡ್ಡ?"

"ನಗಬೇಡಿ. ಎಲ್ರೂ ನಗ್ತಾರೆ. ನನ್ನ ಗಂಡನೇ ಸೋಮಾರಿ ಅಂತಾನೆ. ಆದ್ರೆ ಅಮ್ಮ, ನನ್ನ ಕೈಗೆ ಗೊತ್ತಾಗ್ತದೆ. ಹಿಟ್ಟು ಅದೇ, ಒಲೆ ಅದೇ. ಎರಡು ರೊಟ್ಟಿ ಬಾಕಿ ಇರೋವಾಗ್ಲೇ ಹೊತ್ತು ಮುಗೀತದೆ. ನಿಮ್ ಯಜಮಾನ್ರು ಒಬ್ರೇ ಈ ಸ್ಟೂಲ್ ಕೊಟ್ಟು ಕೂರಿಸಿ ಪೂರ್ತಿ ಕೇಳೋರು. ಬರ್ಕೊಳ್ಳೋರು. ಅವರೊಬ್ರೇ ನಂಬಿದ್ದು ನನ್ನ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸೋಮವಾರ ಒಂದಿನ ನೋಡ್ತಾರಂತೆ ಹೆಡ್‌ಮಾಸ್ಟ್ರು. ಲೇಟಾದ್ರೆ ಗಂಟೆ ಬಾರ್ಸೋ ಕೋಲು ಬೇರೆಯವ್ರ ಕೈಗೆ. ಹೊಸ ಪೆಟ್ಟಿಗೆ ಬಂದ್ರಾದ್ರೂ ಸರಿ ಹೋಗ್ತದಾ ಅಮ್ಮ?"

ದೂರು ಪುಸ್ತಕ ಮೇಜಿನ ಮೇಲೇ ಇತ್ತು. ತೆರೆದೆ. ಪ್ರತಿ ಶುಕ್ರವಾರ ಒಂದು ಸಾಲು, ಅವನ ದುಂಡು ಅಕ್ಷರ. 'ಮನೆ ೧೧. ಬೆಳಗು ಸಾಲದೆಂದು ದೂರು. ಪರೀಕ್ಷಿಸಿದೆ. ದೋಷ ಕಂಡುಬಂದಿಲ್ಲ.' ಹಾಳೆ ತಿರುವಿದೆ. ದೋಷ ಕಂಡುಬಂದಿಲ್ಲ. ಮತ್ತೆ ತಿರುವಿದೆ. ಎಲ್ಲಿಯೂ ಅವನ ಕೈ ನಡುಗಿರಲಿಲ್ಲ. ನಾನು ಆ ದಿನದ ತಾರೀಕು ಹಾಕಿ ಅವಳ ದೂರು ಬರೆದೆ. ಮುಂದಿನ ಜಾಗ ಖಾಲಿ ಬಿಟ್ಟೆ.

"ನೋಡ್ತೀನಿ" ಎಂದೆ. ಅವಳು ಕೈಮುಗಿದು ಹೋದಳು.

ಶನಿವಾರ ಏನೂ ಮಾಡಲಿಲ್ಲ. ಯಾರಿಗೂ ಗೊತ್ತಿಲ್ಲ. ಫಕೀರಪ್ಪನವರಿಗೆ ಪರದೆ ಓದಲು ಬರುವುದಿಲ್ಲ. ಭಾನುವಾರ ಸಂಜೆ ಅರಗು ಬಿದ್ದರೆ ಕೈಗಡವೆಂಬ ಮಾತೇ ಅಳಿಸಿಹೋಗಿ ನಮ್ಮ ಮನೆಗೆ ನೂರೈದು, ಅವಳ ಮನೆಗೆ ಎಪ್ಪತ್ತೈದು ಎಂದೇ ಉಳಿಯುತ್ತದೆ. ಅವನು ನನಗೆಂದು ತಂದದ್ದು ಅದೊಂದೇ. ಸೀರೆ, ಬಳೆ ತರುವ ಅಭ್ಯಾಸ ಅವನಿಗಿರಲಿಲ್ಲ. ಅದು ಹೋದರೆ ಜಗಲಿಯ ಮೇಲೆ ಕೂತ ನಾವಿಬ್ಬರೂ ಹೋಗುತ್ತೇವೆ.

ಭಾನುವಾರ ಬೆಳಿಗ್ಗೆ ಎದ್ದು ಆ ಹೊತ್ತಿನಲ್ಲಿ ಬೇಕೆಂದೇ ಕೂತೆ. ಅವನ ಜಾಗದ ಪಕ್ಕದಲ್ಲಿ. ಬೀದಿ ಸುಮ್ಮನಿತ್ತು. ಆಚೆ ಮನೆಯಲ್ಲಿ ಜನ ಉಸಿರಾಡುವುದು ಕೇಳುವಷ್ಟು ಸುಮ್ಮನಿತ್ತು. ಅವನ ದನಿ ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾದದ್ದು ನನ್ನದೇ ದನಿ, ಡಾಕ್ಟರ ಕಿಟಕಿಯ ಹತ್ತಿರ. ಎದ್ದು ಒಳಗೆ ಹೋದೆ. ಗಂಟೆ ಆಗುವವರೆಗೂ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದೆ. ಗಂಟೆ ತಡವಾಗಿ ಆಯಿತು.

ಮಧ್ಯಾಹ್ನ ಹನ್ನೊಂದನೆಯ ಮನೆಗೆ ಹೋದೆ. ರುದ್ರಾಣಿ ಹೊಸ್ತಿಲಲ್ಲಿ ಕೂತು ಮಗಳ ತಲೆ ನೋಡುತ್ತಿದ್ದಳು. ಎಂಟು ವರ್ಷದ ಹುಡುಗಿ. ಕೂದಲನ್ನು ಕಿವಿಯ ಮೇಲಕ್ಕೆ ಅಡ್ಡಾದಿಡ್ಡಿ ಕತ್ತರಿಸಿತ್ತು. "ಒಳಗೆ ಹೋಗೇ ಚಂಪಿ" ಎಂದು ಅವಳನ್ನು ಎಬ್ಬಿಸಿ ನನಗೆ ಮಣೆ ಹಾಕಿದಳು. ನಾನು ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಎರಡೇ ವಾಕ್ಯ.

ಅವಳು ನಕ್ಕಳು. "ಏನಮ್ಮ ಹಿಂಗಂತೀರಿ. ಅವರು ದೇವರಂಥೋರು." ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ನಾನು ಬರೆಸ್ತಿದ್ನಲ್ಲ, ಅವರು ಬರ್ಕೊಳ್ತಿದ್ರಲ್ಲ?"

"ಬರ್ಕೊಳ್ತಿದ್ರು."

"ಸ್ಟೂಲ್ ಕೊಡೋರು."

"ಹೌದು."

ಅವಳು ಬಾಗಿಲ ಚೌಕಟ್ಟು ಹಿಡಿದು ಎದ್ದಳು. "ಮಗೂ ತಲೆ ಬಾಚೋಕೆ ಹೊತ್ತಿಲ್ಲ ಅಂತ ಕತ್ತರಿಸಿಹಾಕಿದೀನಿ. ಕತ್ತರಿಸೋ ದಿನ ಅದು ಅಳ್ತು, ಹೊಡೆದೆ. ದಿನಾ ಹೊಡೀತೀನಿ. ಬೇಗ ತಿನ್ನು, ಬೇಗ ತೊಡು, ಬೇಗ ಬೇಗ ಅಂತ ಬೆನ್ನ ಮೇಲೆ. ಈ ಕೈಯಲ್ಲಿ." ಆ ಕೈಯನ್ನೇ ಎತ್ತಿ ನೋಡಿದಳು. ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದು ನಿಂತೆ. "ನೀವು ಆ ಹೊತ್ತಲ್ಲಿ ಏನ್ ಮಾಡ್ತಿದ್ರಿ?"

"ಕಾಫಿ ಕುಡೀತಿದ್ವಿ."

ಅವಳು ಒಳಗಿದ್ದ ಮಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು. "ತೋರ್ಸಿ. ನನ್ನ ಕಣ್ಣಿಗೆ ಕಾಣ್ಬೇಕು."

ತಂತಿಮನೆಯಲ್ಲಿ ಫಕೀರಪ್ಪ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಜಿಲ್ಲೆಯವರು ನಾಲ್ಕು ಗಂಟೆಗೆ ಇಳಿಸಿಕೊಳ್ಳಲು ಶುರುಮಾಡುತ್ತಾರೆ ಎಂದರು. ಅಂಚೆ ಕಚೇರಿಯ ಗಡಿಯಾರದಲ್ಲಿ ಮೂರೂವರೆ. ಹಾಜರಿ ಕರೆದೆ. ಹನ್ನೊಂದು ಒತ್ತಿದೆ. ಅವಳು ಸ್ಟೂಲಿನ ಮೇಲೆ ಕೂರದೆ ಬಗ್ಗಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. 'ಎರಡು ದಿನಕ್ಕೆ ಮಾತ್ರ' ಎಂಬಲ್ಲಿ ಬೆರಳು ನಿಂತಿತು.

ಈಗ ಇಲ್ಲಿಂದ ಹೊರಗೆ ಬಂದು ನಮ್ಮ ಮನೆಗೆ ಹೋಗಬೇಕು. ಅಲ್ಲಿಂದ ಹದಿನೈದು ಕೊಡಬೇಕು. ಕಂಟ್ರೋಲ್ ಒತ್ತಿದೆ, ಗೆರೆ ಒತ್ತಿದೆ. ಮೂರು ಬಾಣ ಕಂಡವು.

"ನಿಮಗೇನೂ ಗೊತ್ತಿರ್ಲಿಲ್ವಾ?" ಎಂದಳು ರುದ್ರಾಣಿ, ನನ್ನ ಕಿವಿಯ ಹತ್ತಿರ. "ನಿಜ ಹೇಳಿ. ಒಂದಿನನೂ ಅನುಮಾನ ಬರ್ಲಿಲ್ವಾ?"

ಬಾಣಗಳನ್ನು ನೋಡುತ್ತ ಆ ಪ್ರಶ್ನೆಗೆ ಉತ್ತರ ಹುಡುಕಿದೆ. ಬೀದಿ ಯಾಕೆ ಅಷ್ಟು ಸುಮ್ಮನಿರುತ್ತದೆ ಎಂದು ಒಮ್ಮೆ ಕೇಳಿದ್ದೆ. ಅವನು ಮಾತು ಬದಲಿಸಿದ್ದ. ನಾನೂ ಬದಲಿಸಲು ಬಿಟ್ಟಿದ್ದೆ. "ಬಂದಿತ್ತೇನೋ" ಎಂದೆ. ಎಂಟರ್ ಒತ್ತಿದೆ. ಆಗಲೇ ನಮ್ಮ ಮನೆಯೊಳಗೆ ಬಂದೆನೆಂದು ತಿಳಿದು 'ಕೊಡು ೧೫' ಎಂದು ಒತ್ತಿದೆ. 'ಯಾವ ಮನೆಗೆ?' ಎಂದು ಕೇಳಿತು. '೧೧' ಎಂದೆ.

'ಇದೇ ಮನೆ ೧೧. ಹದಿನೈದು ಕಳೆಯಲಾಗಿದೆ. ಪಡೆಯುವ ಮನೆ ಇಲ್ಲ. ಬೆಳಗು: ೬೦ ನಿಮಿಷ.'

ಕ್ಯೂ ಒತ್ತಿರಲಿಲ್ಲ. ಹೊರಗೆ ಬಂದೇ ಇರಲಿಲ್ಲ.

"ಏನಂತೆ?" ಎಂದಳು. ಅಷ್ಟರಲ್ಲಿ ಅವಳೇ ಓದಿದಳು. "ಅರವತ್ತಾ? ಇದ್ದದ್ದೂ ಹೋಯ್ತಾ?"

ಏನೇನೋ ಒತ್ತಿದೆ. ಪ್ರತಿ ಸಲವೂ ಅದೇ ಉತ್ತರ. 'ಈ ದಿನದ ಆಜ್ಞೆ ಮುಗಿದಿದೆ.' ಅವನು ಗೋಡೆಯ ಮೇಲೆ ಬರೆದಿಟ್ಟಿದ್ದ. ನಾನು ಓದಿದ್ದೆ.

ಫಕೀರಪ್ಪ ಎದ್ದು ಬಂದರು. "ಏನಾಯ್ತಮ್ಮ? ಏನ್ ಮಾಡ್ದೆ?"

"ನಮ್ಮಿಬ್ಬರ ಮನೆ ಲೆಕ್ಕ ಯಜಮಾನ್ರೇ, ನೀವು ಬೀಡಿ ಸೇದ್ಕೊಂಡು ಬನ್ನಿ" ಎಂದಳು ರುದ್ರಾಣಿ. ಅವರು ನಮ್ಮಿಬ್ಬರನ್ನೂ ನೋಡಿ ಹೊರಗೆ ಹೋದರು. ಅವಳು ನನ್ನ ಕಡೆ ತಿರುಗಿದಳು. "ನಾಳೆ ನನ್ನ ಕೋಲು ಹೋಗ್ತದೆ. ಗಂಡ ಹೆಂಡ್ತಿ ಇಬ್ರೂ ಸೇರಿ ತೆಗೆದ್ಬಿಟ್ರಿ."

ಅವಳ ಮಾತು ಸರಿ. ಗೋಡೆಯ ಹಾಳೆಯನ್ನು ಮೇಲಿನಿಂದ ಮತ್ತೆ ಓದಿದೆ. ಪರೀಕ್ಷೆಯ ಹಿಂದಿನ ದಿನ ಓದುತ್ತಿದ್ದ ಹಾಗೆ, ಒಂದೊಂದೇ ಪದ. ಕೊನೆಯ ಸಾಲಿನಲ್ಲಿ ನಿಂತೆ. ಪಡೆಯುವುದಕ್ಕೆ ಮಿತಿಯಿಲ್ಲ. ಹನ್ನೊಂದು ಇವತ್ತು ಏನನ್ನೂ ಕೊಡಲಾರದು, ಕೇಳಲಾರದು. ಬಂದದ್ದನ್ನು ಪಡೆಯಬಹುದು. ನಾಲ್ಕರ ಆಜ್ಞೆ ಇನ್ನೂ ಬಾಕಿಯಿತ್ತು. ಒಂದೇ ಒಂದು.

ಕಂಟ್ರೋಲ್. ಗೆರೆ. ಬಾಣ. ಕ್ಯೂ. ಹೊರಗೆ ಬಂದೆ. ಬಂದಿದ್ದೇನೆಯೇ ಎಂದು ಎರಡು ಸಲ ನೋಡಿದೆ. ಹಾಜರಿ ಕರೆದೆ. ನಾಲ್ಕು ಒತ್ತಿದೆ. ಹಾಜರಿಯಲ್ಲಿ ಅವನ ಹೆಸರು ನೋಡಿಕೊಂಡೇ ಒತ್ತಿದ್ದೆ. 'ಕೊಡು ೩೦' ಎಂದು ಒತ್ತಿದೆ.

"ಮೂವತ್ತಾ?" ಎಂದಳು ರುದ್ರಾಣಿ. ಬೆರಳು ಮಡಿಸಿ ಎಣಿಸಿದಳು. "ಹಂಗಾದ್ರೆ ನಿಮಗೆ ಇಷ್ಟು ದಿನ ನನಗಿದ್ದಷ್ಟೇ ಗಿಡ್ಡ ಆಗ್ತದೆ. ಯಾವ ಕಾಲಕ್ಕೂ."

"ಆಗಲಿ."

"ತಡೀರಿ." ಅವಳು ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಬಿಗಿಯಾಗಿತ್ತು. "ಪಾಪ ಅಂತ ಕೊಡೋದಾದ್ರೆ ನನಗೆ ಬೇಡ."

"ಪಾಪ ಅಂತ ಅಲ್ಲ. ಹದಿನೈದು ಅವರು ತಗೊಂಡಿದ್ದು. ಹದಿನೈದು ನಾನು ಕೆಡಿಸಿದ್ದು."

ಅವಳು ಕೈ ಬಿಟ್ಟಳು. 'ಯಾವ ಮನೆಗೆ?' ಎಂದು ಪರದೆ ಕಾಯುತ್ತಿತ್ತು. ಹನ್ನೊಂದು ಎಂದು ಬರೆದೆ. ಅಂಚೆ ಕಚೇರಿಯ ಗಡಿಯಾರದಲ್ಲಿ ನಾಲ್ಕಕ್ಕೆ ಎಂಟು ನಿಮಿಷ ಇತ್ತು.

"ನಾನೊತ್ತಲಾ?" ಎಂದಳು.

"ಬೇಡ. ಕೊಡೋರು ನಾವು."

ಒತ್ತಿದೆ. ಪರದೆ ಏನನ್ನೂ ಹೇಳಲಿಲ್ಲ. ಬಿಳಿ ಚೌಕ ಒಂದು ಸಾಲು ಕೆಳಗಿಳಿದು ಅಲ್ಲಿ ನಿಂತಿತು. ಕೆಲಸ ಸರಿಯಾಗಿ ಆದಾಗ ಆ ಯಂತ್ರ ಸುಮ್ಮನಿರುತ್ತದೆ. ರುದ್ರಾಣಿ ಇನ್ನಷ್ಟು ಬಗ್ಗಿ ಕಾದಳು.

"ಆಯ್ತಾ?"

"ಆಯ್ತು" ಎಂದೆ.